ಒಂಬತ್ತನೇ ಶಾಟ್‌ಗೆ ಎಷ್ಟು ಹೊತ್ತು

ಫೆಬ್ರವರಿ 3, ಮಂಗಳವಾರ

ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ. ಎಬ್ಬಿಸಿದ್ದು ಗಿಲಕಿಯ ಅಳುವಲ್ಲ, ಕೆಳಗೆ ಟೈಲರಕ್ಕ ಊಟ ಮುಗಿಸಿ ಬಂದು ಅಂಗಡಿಯ ಶಟರ್ ಎತ್ತಿದ ಸದ್ದು. ನಮ್ಮ ಮಂಚ ಸರಿಯಾಗಿ ಆ ಶಟರಿನ ನೆತ್ತಿಯ ಮೇಲಿದೆ. ಅದು ಮೇಲೇಳುವಾಗ ನನ್ನ ಹಲ್ಲುಗಳೂ ಕಟಕಟ ಎನ್ನುತ್ತವೆ. ಮಲಗಿದ್ದು ಎರಡು ಮುಕ್ಕಾಲಿಗೆ. ಅಂದರೆ ಇಪ್ಪತ್ತು ನಿಮಿಷ. ಈಗಿನ ದಿನಗಳಲ್ಲಿ ಇದು ಭರ್ಜರಿ ನಿದ್ದೆ.

ಗಿಲಕಿ ಇನ್ನೂ ಮಲಗಿದ್ದಾಳೆ. ನಾಲ್ಕು ತಿಂಗಳ ಈ ಹುಡುಗಿಗೆ ಕಾಗದದ ಮೇಲೊಂದು ಉದ್ದನೆಯ ಹೆಸರಿದೆ. ಕೈಕಾಲು ಒಂದು ಗಳಿಗೆ ಸುಮ್ಮನಿಡುವುದಿಲ್ಲವೆಂದು ಅತ್ತೆ ಗಿಲಕಿ ಎಂದರು, ಆ ಉದ್ದನೆಯ ಹೆಸರು ಕಾಗದದಲ್ಲೇ ಉಳಿಯಿತು.

ಬೆಳಿಗ್ಗೆ ಕೊಕ್ಕರೆಯ ಫೋನ್ ಬಂದಿತ್ತು. ಕಾಲೇಜಿನಲ್ಲಿ ಒಂಟಿಕಾಲಿನಲ್ಲಿ ನಿಂತು ಕ್ಯಾಮೆರಾ ಹಿಡಿಯುತ್ತಿದ್ದಳೆಂದು ನಾವಿಟ್ಟ ಹೆಸರು. ಈಗ ಮದುವೆ ಮನೆಗಳ ವಿಡಿಯೊ ಮಾಡುತ್ತಾಳೆ, ಇನ್ನೂ ಹಾಗೆಯೇ ನಿಲ್ಲುತ್ತಾಳೆ.

"ಸೆಲೆಕ್ಟ್ ಆಯ್ತು ಕಣೇ."

"ಯಾವುದು?"

"ಇನ್ಯಾವುದು, ನಿನ್ನ ತಣ್ಣಗಾದ ಟೀ."

ಬಸುರಿಯಾಗಿದ್ದಾಗ ಬರೆದಿದ್ದ ಎರಡು ಪುಟದ ಕಥೆ. ಮಗು ಮಲಗಿತೆಂದು ತಾಯಿಯೊಬ್ಬಳು ಒಂದು ಲೋಟ ಟೀಯನ್ನು ಬಿಸಿ ಇರುವಾಗಲೇ ಕುಡಿಯಲು ಹೊರಡುತ್ತಾಳೆ. ಕುಡಿಯಲು ಆಗುವುದಿಲ್ಲ. ಅಷ್ಟೇ. ಐದು ನಿಮಿಷದ ಸಿನಿಮಾ. ನೋಡಿದವರು ನಗಬೇಕು. ಮಗು ಇಲ್ಲದವಳು ಬರೆದ ಕಥೆ ಎಂದು ಈಗ ಓದಿದರೆ ಗೊತ್ತಾಗುತ್ತದೆ, ಆದರೂ ಚೆನ್ನಾಗಿದೆ. ಫಿಲ್ಮ್ ಕ್ಲಬ್ಬಿನವರು ದೊಡ್ಡ ಕ್ಯಾಮೆರಾವನ್ನು ಒಂದೇ ಒಂದು ದಿನಕ್ಕೆ ಕೊಡುತ್ತಾರಂತೆ. ಇದೇ ಇಪ್ಪತ್ತೆರಡು, ಭಾನುವಾರ. ಆ ದಿನ ತಪ್ಪಿದರೆ ಮುಂದಿನ ವರ್ಷದ ಸಾಲಿನಲ್ಲಿ ಮತ್ತೆ ನಿಲ್ಲಬೇಕು. ಶೂಟಿಂಗ್ ನಮ್ಮ ಮನೆಯಲ್ಲೇ. ತಾಯಿಯ ಪಾತ್ರ ನನ್ನದೇ, ಮಗುವಿನ ಪಾತ್ರ ಗಿಲಕಿಯದೇ. ಸಂಬಳ ಕೇಳದ ನಟರು ಬೇರೆ ಯಾರಿದ್ದಾರೆ?

ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನನ್ನು ಹಾಲು, ಬಟ್ಟೆ, ಜ್ವರ ಬಿಟ್ಟು ಬೇರೆ ವಿಷಯ ಕೇಳಿದರು.

ಫೆಬ್ರವರಿ 4, ಬುಧವಾರ

ಇವರು ತಾವು ಕೆಲಸ ಮಾಡುವ ಪ್ರೆಸ್‌ನಿಂದ ಈ ಪುಸ್ತಕ ಮಾಡಿ ತಂದರು. ಔಷಧಿ ಡಬ್ಬಿ ಅಚ್ಚು ಹಾಕುವ ಪ್ರೆಸ್ಸು, ಬಣ್ಣ ತಪ್ಪಿದ ರಟ್ಟಿಗೆ ಬರವಿಲ್ಲ. ರಟ್ಟಿನ ಮೇಲೆ ಕೆಮ್ಮಿನ ಸಿರಪ್ಪಿನ ಅರ್ಧ ಹೆಸರಿದೆ. ಒಳಗೆ ದಪ್ಪ ಬಿಳಿ ಹಾಳೆಗಳು, ನಡುವೆ ಮಡಿಸಿ ಒಂದೇ ದಾರದಲ್ಲಿ ಹೊಲಿದದ್ದು.

"ಹಿಂದಿಂದ ಹಾಳೆ ಹರೀಬೇಡ," ಎಂದರು. "ಮುಂದಿಂದೂ ಕಿತ್ಕೊಂಡು ಬರುತ್ತೆ. ನೋಡೋಕೆ ಎರಡು, ಆದ್ರೆ ಒಂದೇ ಹಾಳೆ ಅದು."

ಮುಂದಿನಿಂದ ಶಾಟ್‌ಗಳು. ಹಿಂದಿನಿಂದ ಈ ದಿನಚರಿ. ಯಾರೂ ಪುಸ್ತಕವನ್ನು ತಲೆಕೆಳಗು ಮಾಡಿ ಓದುವುದಿಲ್ಲ. ನಿನ್ನೆಯದನ್ನೂ ಇಲ್ಲಿಗೆ ನಕಲು ಮಾಡಿದೆ.

ಹದಿನಾಲ್ಕು ಶಾಟ್ ಮಾಡಿದ್ದೇನೆ. ಪ್ರತಿ ಶಾಟಿಗೂ ಒಂದು ಚೌಕ, ಚೌಕದೊಳಗೆ ಚಿತ್ರ, ಪಕ್ಕದಲ್ಲಿ ಮೂರು ಕಾಲಂ: ಏನು ಕಾಣುತ್ತದೆ, ಏನು ಕೇಳುತ್ತದೆ, ಎಷ್ಟು ಹೊತ್ತು. ನನಗೆ ಚಿತ್ರ ಬರುವುದಿಲ್ಲ. ನನ್ನ ತಾಯಿಗೆ ಮುಖದ ಬದಲು ಮೊಟ್ಟೆ ಇದೆ, ಮಗು ಬದನೆಕಾಯಿಯ ಹಾಗಿದೆ. ಆದರೆ ಎಷ್ಟು ಹೊತ್ತು ಎನ್ನುವ ಕಾಲಂನಲ್ಲಿ ನಾನು ಯಾವತ್ತೂ ಪಕ್ಕಾ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಅಂದಾಜಿನ ಸೆಕೆಂಡ್ ಬರೆದರೆ ಪುಸ್ತಕ ಬಿಸಾಡುತ್ತಿದ್ದರು. ಆಡಿ ನೋಡು, ಗಡಿಯಾರ ನೋಡು, ಆಮೇಲೆ ಬರಿ. ಇವರು ಓಟದ ಪಂದ್ಯಕ್ಕೆ ಹೋಗುತ್ತಿದ್ದ ಕಾಲದ ಸ್ಟಾಪ್‌ವಾಚ್ ಮೇಜಿನ ಸಂದಿಯಲ್ಲಿ ಸಿಕ್ಕಿತು. ಸೆಲ್ ಬದಲಿಸಿದೆ. ಅದರ ದಾರ ಕೊರಳಿಗೆ.

ಒಂದನೇ ಶಾಟ್: ಪಾತ್ರೆಯಲ್ಲಿ ನೀರು ಕುದಿಯುವುದು, 6 ಸೆಕೆಂಡ್. ಮೂರನೇ ಶಾಟ್: ಎರಡು ಕೈಗಳು ಮಗುವನ್ನು ತೊಟ್ಟಿಲಿಗೆ ಇಳಿಸುವುದು, 12. ಒಂಬತ್ತನೇ ಶಾಟ್: ಲೋಟವನ್ನು ತುಟಿಯ ಹತ್ತಿರ ಒಯ್ದ ತಾಯಿ ನಿಲ್ಲಿಸುತ್ತಾಳೆ, ಮಗು ಉಸಿರಾಡುತ್ತಿದೆಯೇ ಎಂದು ನೋಡುತ್ತಾಳೆ, 4.

ಫೆಬ್ರವರಿ 7, ಶನಿವಾರ

ಕೊಕ್ಕರೆ ಬಂದಿದ್ದಳು. ಗಿಲಕಿಯನ್ನು ಹತ್ತು ಸಲ ಎತ್ತಿ ಇಳಿಸಿ ಕ್ಯಾಮೆರಾ ಕೋನ ನೋಡಲಾಗುವುದಿಲ್ಲವಲ್ಲ, ಅದಕ್ಕೊಂದು ಡೂಪ್ ಬೇಕು. ಎರಡು ಟವೆಲ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಗಿಲಕಿಯ ಎರಡು ಹಳದಿ ಟೋಪಿಗಳಲ್ಲಿ ಒಂದನ್ನು ತೊಡಿಸಿದೆವು. ನಾನು ಎತ್ತಿ ತೋರಿಸಿದೆ.

"ಸುಳ್ಳು," ಎಂದಳು ಕೊಕ್ಕರೆ. "ನಿನ್ನ ಮೊಣಕೈ ಸುಳ್ಳು ಹೇಳ್ತಿದೆ. ಭಾರ ಇಲ್ಲದೆ ಕೈ ನಟಿಸಲ್ಲ."

ಗಿಲಕಿ ಐದೂವರೆ ಕೆಜಿ. ಐದು ಪ್ಯಾಕೆಟ್ ಉಪ್ಪು, ಮೇಲೊಂದು ಅರ್ಧ, ಅಡ್ಡಡ್ಡ ಇಟ್ಟು ಮತ್ತೆ ಸುತ್ತಿದೆವು. ತಲೆಯ ಕಡೆ ಸ್ವಲ್ಪ ಹೆಚ್ಚು ಭಾರ, ಕುತ್ತಿಗೆಯಲ್ಲಿ ಬಾಗು. ಎತ್ತಿಕೊಂಡಾಗ ನನ್ನ ಬೆನ್ನು ತಾನಾಗಿ ತೂಗಲು ಶುರುಮಾಡಿತು. ಕೊಕ್ಕರೆ ಅದಕ್ಕೆ ಡೂಪಮ್ಮ ಎಂದು ಹೆಸರಿಟ್ಟಳು. ಅತ್ತೆ ಅಡುಗೆಮನೆಯಿಂದ ಬಂದವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮೊಮ್ಮಗಳು ಒಬ್ಬಳು ಅಂದ್ಕೊಂಡಿದ್ದೆ. ಇದು ಅಳಲ್ಲ, ಉಚ್ಚೆ ಹೊಯ್ಯಲ್ಲ. ಇದನ್ನೇ ಇಟ್ಕೊಳೋಣ, ಅದನ್ನ ಅಂಗಡಿಗೆ ವಾಪಸ್ ಕೊಡು."

ಎಲ್ಲರೂ ನಕ್ಕೆವು. ಬಟ್ಟೆಯ ಬೀರುವಿನಲ್ಲಿ ನಡುಮಟ್ಟದ ಅಂಕಣ ಖಾಲಿ ಮಾಡಿ, ಹಳೆಯ ಹೊದಿಕೆ ಹಾಸಿ, ಡೂಪಮ್ಮನನ್ನು ಅಲ್ಲಿಟ್ಟಿದ್ದೇನೆ. ಆ ಬೀರುವಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ನಾಲ್ಕು ಬೆರಳು ಸಂದಿ ಬಿಡುತ್ತದೆ. ಇವರಿಗೆ ಹೇಳಿ ಹೇಳಿ ಸಾಕಾಗಿದೆ.

ಫೆಬ್ರವರಿ 10, ಮಂಗಳವಾರ

ಎಂಟು ಶಾಟ್ ಆಡಿ ನೋಡಿದ್ದು ಮುಗಿಯಿತು. ಏಳನೆಯದು ಕಷ್ಟವಾಗಿತ್ತು: ಸೀಟಿ ಹೊಡೆಯುವ ಮುಂಚೆ ಕುಕ್ಕರ್ ಆರಿಸಲು ಓಡುವುದು. ಅತ್ತೆ ಮೂರು ಸಲ ನಿಜವಾಗಿಯೇ ಕುಕ್ಕರ್ ಇಟ್ಟುಕೊಟ್ಟರು. ರಾತ್ರಿ ಎಲ್ಲರೂ ಬೇಳೆಯ ಬದಲು ಬೇಳೆಯ ಗಂಜಿ ತಿಂದೆವು.

ಒಂಬತ್ತನೆಯದನ್ನು ಡೂಪಮ್ಮನ ಜೊತೆ ಆಡಲಾಗುವುದಿಲ್ಲ, ಅದು ಉಸಿರಾಡುವುದಿಲ್ಲವಲ್ಲ. ಗಿಲಕಿ ನಿಜವಾಗಿ ಮಲಗಿದಾಗಲೇ ಆಡಬೇಕು. ಲೋಟ ಕೈಯಲ್ಲಿ ಹಿಡಿದು, ವಾಚ್ ಒತ್ತಿ, ನೋಡಿದೆ. ಎದೆ ಏಳಬೇಕು, ಇಳಿಯಬೇಕು, ಕಂಡ ಕೂಡಲೇ ತಾಯಿಗೆ ಸಮಾಧಾನ, ಕಟ್. ಏಳುವುದು ಕಂಡಿತು. ಇಳಿಯುವುದು ಸರಿಯಾಗಿ ಕಾಣಲಿಲ್ಲ, ಅಂಗಿಯ ನೆರಿಗೆ ಅಡ್ಡ ಬಂತು. ನೆರಿಗೆ ಸರಿಸಿದೆ. ಮತ್ತೆ ಮೊದಲಿನಿಂದ.

ವಾಚ್ ನೋಡಿದಾಗ 11 ನಿಮಿಷ. ಎಲ್ಲೋ ಒತ್ತುವುದು ತಪ್ಪಿದೆ. 4 ಅಳಿಸಿ 11 ಬರೆದು, ಆಮೇಲೆ ಅದನ್ನೂ ಅಳಿಸಿದೆ.

ಫೆಬ್ರವರಿ 11, ಬುಧವಾರ

9: 40 ನಿಮಿಷ. ಟೀ ಮೇಲೆ ಕೆನೆ ಕಟ್ಟಿ, ಕೆನೆಯ ಮೇಲೆ ಸೊಳ್ಳೆ ಬಿದ್ದಿತ್ತು.

ಮಕ್ಕಳ ಉಸಿರು ಒಮ್ಮೊಮ್ಮೆ ತಡೆದು ಮತ್ತೆ ಶುರುವಾಗುತ್ತದೆ, ಅದು ಸಹಜ ಎಂದಿದ್ದಾರೆ ಡಾಕ್ಟರ್. ಸಹಜ ಎನ್ನುವವರು ಸಂಜೆ ಮನೆಗೆ ಹೋಗಿ ಮಲಗುತ್ತಾರೆ. ಗಿಲಕಿಯ ಉಸಿರು ಇವತ್ತು ಒಂದು ಸಲ ಆರು ಸೆಕೆಂಡ್ ತಡೆಯಿತು. ವಾಚ್ ಇರುವುದರಿಂದ ಗೊತ್ತಾಯಿತು. ಮೊದಲೆಲ್ಲ ಹೀಗೆ ಎಷ್ಟು ಸಲ ತಡೆದಿತ್ತೋ, ನಾನು ಹಾಯಾಗಿ ಬಟ್ಟೆ ಮಡಿಸುತ್ತಿದ್ದೆನೋ.

ಈ ಸಿನಿಮಾದಿಂದ ಅಷ್ಟಾದರೂ ಉಪಕಾರವಾಯಿತು.

ಫೆಬ್ರವರಿ 13, ಶುಕ್ರವಾರ

ನಗಬೇಕಾದ ಸಂಗತಿ, ಅದಕ್ಕೇ ಬರೆದಿಡುತ್ತೇನೆ.

ಸಂಜೆ ನಾಲ್ಕೂವರೆಗೆ ಗೋಡೆಗೆ ಒರಗಿಕೊಂಡಲ್ಲೇ ಕಣ್ಣು ಕೂಡಿತ್ತು. ಎಚ್ಚರವಾದಾಗ ಎದುರಿಗೆ ಹಾಸಿಗೆಯ ಮೇಲೆ ಹಳದಿ ಟೋಪಿ. ಎದೆ ನೋಡಿದೆ. ಏಳಲಿಲ್ಲ. ಅಭ್ಯಾಸಬಲದಿಂದ ವಾಚ್ ಒತ್ತಿದ್ದೆ: ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಎತ್ತಿಕೊಂಡೆ. ಅದೇ ಭಾರ. ಕುತ್ತಿಗೆ ಹಾಗೆಯೇ ಬಾಗಿತು. ಆಮೇಲೆ ಮೆಟ್ಟಿಲು ಇಳಿದದ್ದು ನೆನಪಿಲ್ಲ. ಬರಿಗಾಲಲ್ಲಿ ರಸ್ತೆ ದಾಟಿ ಡಾಕ್ಟರ ಬಾಗಿಲ ತನಕ ಹೋಗಿದ್ದೆನಂತೆ. ಟೈಲರಕ್ಕ ಅಳತೆಯ ಟೇಪು ಕೊರಳಲ್ಲೇ ಇಟ್ಟುಕೊಂಡು ಹಿಂದೆ ಓಡಿ ಬಂದು ರಟ್ಟೆ ಹಿಡಿದಳು.

"ಮಗು ಮೇಲಿದೆ ತಾಯಿ. ನಿಮ್ಮತ್ತೆ ಟೆರೇಸಲ್ಲಿ ಎತ್ಕೊಂಡು ಬಿಸಿಲು ಕಾಯಿಸ್ತಿದಾರೆ. ಅಗೋ, ಕಾಣಲ್ವಾ?"

ಕಂಡಿತು. ಟೆರೇಸಿನ ಅಂಚಿನಲ್ಲಿ ಅತ್ತೆಯ ತಲೆ, ಅವರ ಭುಜದ ಮೇಲೆ ಇನ್ನೊಂದು ಪುಟ್ಟ ತಲೆ.

ಟೈಲರಕ್ಕ ನನ್ನ ಕೈಯಿಂದ ಡೂಪಮ್ಮನನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿದಳು.

"ಏನಿದು?"

"ಉಪ್ಪು."

"ಉಪ್ಪಿನ ಮೂಟೆಗೆ ಡಾಕ್ಟರು ಏನು ಮದ್ದು ಕೊಡ್ತಾರೆ? ಬಿ.ಪಿ. ಜಾಸ್ತಿಯಾಗುತ್ತೆ ಅಂತಾರೆ ಅಷ್ಟೇ."

ನಾನು ನಕ್ಕೆ. ಅವಳು ನಗಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಳು. ಡೂಪಮ್ಮನ ಟೋಪಿಯ ಅಂಚಿಗೆ ನಾಲ್ಕು ಬೆರಳು ಅಗಲದ ಕೆಂಪು ಪಟ್ಟಿಯನ್ನು ಮೆಷಿನ್ನಿನಲ್ಲಿ ಟಕಟಕ ಹೊಲಿದುಕೊಟ್ಟಳು. "ಇನ್ಮೇಲೆ ಕೆಂಪು ಕಂಡ್ರೆ ಉಪ್ಪು. ಕೆಂಪಿಲ್ದಿದ್ರೆ ಮಗಳು. ತಿಳೀತಾ? ರಾತ್ರಿ ನಿದ್ದೆ ಬರುತ್ತಾ ನಿಂಗೆ?"

"ಬರುತ್ತೆ ಅಕ್ಕ," ಎಂದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿದೆ, ಡೂಪ್ ಅಷ್ಟು ಚೆನ್ನಾಗಿ ಬಂದಿದೆ ಎಂದೇ ಅರ್ಥ.

ಫೆಬ್ರವರಿ 16, ಸೋಮವಾರ

ಇವರಿಗೆ ಈ ವಾರವೆಲ್ಲ ರಾತ್ರಿ ಪಾಳಿ.

ಕೊಕ್ಕರೆ ಬೆಳಿಗ್ಗೆ ಬಂದು ಪುಸ್ತಕದ ಮುಂದಿನ ಪುಟಗಳನ್ನು ಒಂದೊಂದಾಗಿ ನೋಡಿದಳು. ನಾನು ಎದುರಿಗೆ ಕೂತು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ, ಹಿಂದಿನ ಕಡೆಗೆ ಹೋಗಬಾರದಲ್ಲ. ಒಂಬತ್ತನೇ ಶಾಟಿನ ಪುಟವನ್ನು ಬೆಳಕಿಗೆ ಹಿಡಿದಳು.

"ಎಷ್ಟು ಸಲ ಅಳಿಸಿದ್ದೀಯೇ ಇದನ್ನ? ಹಾಳೆ ತೂತಾಗಿದೆ."

"ಪೆನ್ಸಿಲ್ ಸರಿ ಇಲ್ಲ."

"ಇಲ್ಲೇನೋ ಗಂಟೆ ಅಂತ ಬರೆದಿದ್ಯಲ್ಲ. ಎರಡು ಗಂಟೆ ಹತ್ತು ನಿಮಿಷ?" ತೂತಿಗೆ ಕಣ್ಣಿಟ್ಟು ನನ್ನನ್ನು ನೋಡಿದಳು. "ಸಿನಿಮಾನೇ ಐದು ನಿಮಿಷ ಕಣೇ. ನಿನ್ನ ಒಂಬತ್ತೇ ಎರಡು ಗಂಟೆ ಅಂದ್ರೆ ಇಂಟರ್ವಲ್ ಎಲ್ಲಿ ಬಿಡ್ಲಿ? ಕಡಲೆಕಾಯಿ ಯಾರು ಮಾರ್ತಾರೆ?"

"ಅದು ಬೇರೆ ಲೆಕ್ಕ," ಎಂದೆ. "ನಾಲ್ಕೇ ಸೆಕೆಂಡ್. ಬರಕೊ, ನಾಲ್ಕು."

ಅವಳು ಬರೆದುಕೊಂಡಳು. "ನಿನ್ನ ಕಣ್ಣಿನ ಕೆಳಗೆ ಮೇಕಪ್ ಬೇಡ ಬಿಡು, ಪಾತ್ರಕ್ಕೆ ಸರಿಯಾಗಿದೆ," ಎಂದಳು. ತಮಾಷೆಯಾಗಿಯೇ ಹೇಳಿದಳು. ನಾಲಿಗೆಯ ತುದಿಗೆ ಏನೋ ಬಂದಿತ್ತು. ಅಷ್ಟರಲ್ಲಿ ಗಿಲಕಿ ಎದ್ದಳು.

ಹೋಗುವ ಮುಂಚೆ ಡೂಪಮ್ಮನನ್ನು ತೊಟ್ಟಿಲಲ್ಲಿಟ್ಟು ಫೋನಿನ ಕ್ಯಾಮೆರಾದಲ್ಲಿ ನೋಡಿದಳು. "ಈ ಕೆಂಪು ಪಟ್ಟಿ ಯಾಕೆ? ಕಣ್ಣಿಗೆ ಹೊಡೆಯುತ್ತೆ. ಮೂರನೇ ಶಾಟಲ್ಲಿ ಹಿಂದಿಂದ ಡೂಪ್ ಹಾಕ್ತೀವಲ್ಲ, ಮುಂದಿಂದ ನಿಜವಾದ ಮಗು. ಟೋಪಿ ಎರಡೂ ಒಂದೇ ಥರ ಇರ್ಬೇಕು. ಬಿಚ್ಚು ಇದನ್ನ."

ಯಾಕೆ ಹಾಕಿದ್ದು ಎಂದು ಹೇಳಬೇಕಾಗುತ್ತದಲ್ಲ. ಬ್ಲೇಡ್ ತಂದು ಹೊಲಿಗೆ ಬಿಚ್ಚಿದೆ. ಟೈಲರಕ್ಕನ ಹೊಲಿಗೆ ಗಟ್ಟಿ, ಬೇಗ ಬರಲಿಲ್ಲ.

ಫೆಬ್ರವರಿ 18, ಬುಧವಾರ

ನಾದಿನಿ ಸ್ನಾನದ ಮನೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾಳೆ. ಅತ್ತೆ ಮಧ್ಯಾಹ್ನದ ಬಸ್ಸಿಗೆ ಹೊರಟರು. ಬ್ಯಾಗ್ ಹಿಡಿದು ಬಾಗಿಲಲ್ಲಿ ಮೂರು ಸಲ ತಿರುಗಿ ನೋಡಿದರು.

"ಒಬ್ಬಳೇ ಆಗ್ತದಾ ನಿಂಗೆ? ಬೇಡ ಅಂದ್ರೆ ನಾನು ನಿಲ್ತೀನಿ. ಅವಳಿಗೆ ಗಂಡ ಇದ್ದಾನೆ."

"ಆಗುತ್ತೆ ಅತ್ತೆ. ನಾಲ್ಕು ದಿನ ತಾನೆ?"

"ನೀನು ಆಗಲ್ಲ ಅಂತ ಯಾವತ್ತು ಹೇಳಿದ್ದೀಯ," ಎಂದರು. ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಗಿಲಕಿಯ ಪಾದ ಹಿಡಿದು ಸ್ವಲ್ಪ ಹೊತ್ತು ನಿಂತು, ಹೋದರು.

ಮನೆ ದೊಡ್ಡದಾದ ಹಾಗೆ ಕಾಣುತ್ತದೆ. ವೈಡ್ ಶಾಟಿಗೆ ಒಳ್ಳೆಯದು.

ಹಗಲು ಇವರು ಮಲಗಬೇಕು, ಸದ್ದು ಮಾಡುವ ಹಾಗಿಲ್ಲ. ರಾತ್ರಿ ನಾನು ನೋಡಬೇಕು. ರೆಪ್ಪೆಗೆ ರೆಪ್ಪೆ ಹತ್ತಿಸಿದರೆ ನೋಡುವವರು ಯಾರು? 9: ಬರೆಯುವುದಿಲ್ಲ.

ಫೆಬ್ರವರಿ 20, ಶುಕ್ರವಾರ

ಶಾಟ್ ಪಟ್ಟಿ ಮುಗಿಯಿತು. ಒಟ್ಟು 4 ನಿಮಿಷ 52 ಸೆಕೆಂಡ್.

ಇನ್ನೊಂದು ಇದೆ. 6 ನಿಮಿಷ 20 ಸೆಕೆಂಡ್. ಅದು ಪಟ್ಟಿಯಲ್ಲಿಲ್ಲ.

ಫೆಬ್ರವರಿ 21, ಶನಿವಾರ

ಸಂಜೆ ಆರು ಕಾಲು. ಏಳೂವರೆಗೆ ಇವರು ಪಾಳಿಗೆ ಹೊರಡುತ್ತಾರೆ. ದಾರಿಯಲ್ಲಿ ಈ ಪುಸ್ತಕವನ್ನು ಕೊಕ್ಕರೆಯ ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ನಾಳೆ ಬೆಳಿಗ್ಗೆ ಏಳಕ್ಕೆ ಅವಳು ಕ್ಯಾಮೆರಾ ತರುತ್ತಾಳೆ. ಇವತ್ತು ರಾತ್ರಿಯೇ ಕೂತು ಯಾವ ಶಾಟಿಗೆ ಯಾವ ಲೆನ್ಸ್ ಎಂದು ಗುರುತು ಹಾಕಬೇಕಂತೆ. "ಫೋಟೊ ಕಳಿಸಬೇಡ, ನಿನ್ನ ಪೆನ್ಸಿಲ್ ಗೆರೆ ಫೋಟೊದಲ್ಲಿ ದೆವ್ವದ ಥರ ಬರುತ್ತೆ, ಪುಸ್ತಕಾನೇ ಕಳಿಸು," ಎಂದಿದ್ದಾಳೆ.

ಹಿಂದಿನ ಹಾಳೆಗಳನ್ನು ಹರಿಯಲು ಕೂತೆ. ಮೊದಲನೆಯದನ್ನು ಮೆಲ್ಲಗೆ ಎಳೆದಾಗ ಮುಂದಿನಿಂದ ನೀರು ಕುದಿಯುವ ಪಾತ್ರೆ ಸಡಿಲವಾಗಿ ಹೊರಗೆ ಬಂತು. ಇವರು ಹೇಳಿದ್ದರು, ಒಂದೇ ಹಾಳೆ ಅದು. ಹದಿಮೂರನೇ ತಾರೀಕಿನ ಮಾತುಗಳ ಇನ್ನೊಂದು ಅರ್ಧದಲ್ಲಿ ಮೂರನೇ ಶಾಟ್ ಇದೆ, ಮಗುವನ್ನು ಇಳಿಸುವ ಎರಡು ಕೈ. ಒಂದನ್ನು ಬಚ್ಚಿಟ್ಟರೆ ಇನ್ನೊಂದೂ ಹೋಗುತ್ತದೆ. ಪಾತ್ರೆಯನ್ನು ಮತ್ತೆ ಒಳಗೆ ತಳ್ಳಿದೆ.

ಮನಸ್ಸು ಮಾಡಿದರೆ ಹದಿನಾಲ್ಕು ಚೌಕಗಳನ್ನೂ ಬೇರೆ ಕಾಗದಕ್ಕೆ ಪೆನ್ನಿನಲ್ಲಿ ಇಳಿಸಬಹುದು. ಒಂದು ಗಂಟೆಯ ಕೆಲಸ. ಬದನೆಕಾಯಿ ಬರೆಯಲು ಎಷ್ಟು ಹೊತ್ತು? ಕಾಗದ ತಂದು ಎದುರಿಗಿಟ್ಟುಕೊಂಡೆ. ಪೆನ್ನೂ ಇದೆ. ಆದರೆ ನಾನು ಬರೆಯುತ್ತಿರುವುದು ಇಲ್ಲಿ.

ಹಾಗಾದರೆ ಕೊಕ್ಕರೆ, ನೀನು ಇದನ್ನು ಓದುತ್ತೀಯ. ಪುಸ್ತಕವನ್ನು ತಲೆಕೆಳಗು ಮಾಡು ಎಂದು ಒಂಬತ್ತನೇ ಶಾಟಿನ ಪಕ್ಕ ಬಾಣ ಹಾಕಿದ್ದೇನೆ. ಹಿಂದಿನದೆಲ್ಲ ಓದಿ ಇಲ್ಲಿಗೆ ಬಂದಿದ್ದರೆ ನಿನಗೆ ಅರ್ಧ ಗೊತ್ತಾಗಿದೆ. ಇನ್ನರ್ಧ ಇದು.

ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಇವರು ಒಳಗಿನ ಕೋಣೆಯಲ್ಲಿ ಮಲಗಿದ್ದರು. ನಾನು ಡೂಪಮ್ಮನ ಜೊತೆ ಮೂರನೇ ಶಾಟನ್ನು ಕೊನೆಯ ಸಲ ಆಡಿ ನೋಡುತ್ತಿದ್ದೆ. ವಾಚ್ ಓಡುತ್ತಿತ್ತು. ಗಿಲಕಿ ಪಕ್ಕದಲ್ಲಿ ಹಾಸಿಗೆಯ ಮೇಲೆ ನಿದ್ದೆ ಹೋಗಿದ್ದಳು. ಇಬ್ಬರಿಗೂ ಹಳದಿ ಟೋಪಿ. ಸಾಕೆನಿಸಿತು. ಡೂಪಮ್ಮನನ್ನು ಎತ್ತಿ ಬೀರುವಿನ ಅಂಕಣದಲ್ಲಿಟ್ಟೆ, ಬಾಗಿಲು ಹಾಕಿದೆ. ಗಿಲಕಿಯನ್ನು ತೊಟ್ಟಿಲಿಗೆ ಇಳಿಸಿದೆ. ಹನ್ನೆರಡು ಸೆಕೆಂಡ್, ಚೆನ್ನಾಗಿ ಬಂತು ಎಂದುಕೊಂಡೆ. ಅಡುಗೆಮನೆಗೆ ಹೋದೆ. ಟೀಗೆ ನೀರಿಟ್ಟೆ. ಕುದಿಯಿತು. ಸೋಸಿದೆ. ಲೋಟ ತುಟಿಯ ಹತ್ತಿರ ಹೋಯಿತು. ಬಿಸಿ ಇತ್ತು ಕೊಕ್ಕರೆ, ನಾಲ್ಕು ತಿಂಗಳಲ್ಲಿ ಮೊದಲ ಬಿಸಿ ಟೀ. ಆಗ ಎಲ್ಲಿಂದಲೋ ಸೀನಿದ ಸದ್ದು ಕೇಳಿಸಿತು. ತೊಟ್ಟಿಲು ಇರುವ ಕಡೆಯಿಂದ ಅಲ್ಲ.

ತೊಟ್ಟಿಲಿಗೆ ನಾನು ಇಳಿಸಿದ್ದು ಉಪ್ಪನ್ನು. ಗಿಲಕಿ ಬೀರುವಿನೊಳಗೆ ಹೊದಿಕೆಯ ಮೇಲೆ ಕಣ್ಣು ಬಿಟ್ಟುಕೊಂಡು ಬಾಗಿಲಿನ ಸಂದಿಯ ಬೆಳಕನ್ನು ನೋಡುತ್ತಿದ್ದಳು. ಅಂಕಣದ ಅಂಚಿಗೂ ಅವಳಿಗೂ ಒಂದು ಗೇಣು. ನನ್ನನ್ನು ಕಂಡು ನಕ್ಕಳು. ಏನೂ ಆಗಿಲ್ಲ, ಎರಡು ಸಲ ಬಟ್ಟೆ ಬಿಚ್ಚಿ ನೋಡಿದೆ, ಒಂದು ಗೀರೂ ಇಲ್ಲ. ವಾಚ್ ಇನ್ನೂ ಓಡುತ್ತಿತ್ತು. 6 ನಿಮಿಷ 20 ಸೆಕೆಂಡ್. ಇವರು ಆ ಬಾಗಿಲನ್ನು ಸರಿ ಮಾಡಿಸಿದ್ದರೆ ಏನಾಗುತ್ತಿತ್ತು ಎಂದು ಒಂದು ದಿನವಿಡೀ ಯೋಚಿಸಿದ್ದೇನೆ. ಇವರು ಸರಿ ಮಾಡಿಸದೆ ಇದ್ದದ್ದಕ್ಕೆ ಅವರ ಕಾಲಿಗೆ ಬೀಳಬೇಕೆನಿಸುತ್ತದೆ.

ಉಸಿರು ನೋಡುತ್ತಿದ್ದೆ. ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳ ಉಸಿರು ನೋಡುತ್ತಿದ್ದೆ. ಅವಳಿಗೆ ಏನಾದರೂ ಆಗಬಹುದು ಎನ್ನುವ ಜಾಗವನ್ನೆಲ್ಲ ನೋಡಿದೆ, ನನ್ನ ಕೈಗಳನ್ನು ಬಿಟ್ಟು.

ಇವರಿಗೆ ಹೇಳಬೇಕೆಂದು ಈಗಷ್ಟೇ ಬಾಯಿ ತೆರೆದೆ. "ಏನು?" ಎಂದರು, ಅಂಗಿ ಇಸ್ತ್ರಿ ಮಾಡುತ್ತಾ.

"ಊಟದ ಡಬ್ಬಿಗೆ ಚಮಚ ಹಾಕಿಲ್ಲ," ಎಂದೆ.

"ಕೈ ಇದೆಯಲ್ಲ," ಎಂದು ನಕ್ಕರು. ಒಳ್ಳೆಯ ಮನುಷ್ಯ. ಕಣ್ಣುಗಳು ಕೆಂಪಾಗಿವೆ, ಐದು ರಾತ್ರಿ ಮೆಷಿನ್ನಿನ ಮುಂದೆ ನಿಂತವರು. ಹೇಳಿದರೆ ಇವತ್ತು ಪಾಳಿಗೆ ಹೋಗುವುದಿಲ್ಲ, ನನಗೆ ಗೊತ್ತು. ಹೋಗಬೇಡಿ ಎನ್ನುವ ಒಂದು ಶಬ್ದ ಬಾಯಿಂದ ಬರುತ್ತಿಲ್ಲ. ಹೇಳಿದರೆ ಅತ್ತೆಗೆ ಗೊತ್ತಾಗುತ್ತದೆ, ಟೈಲರಕ್ಕನಿಗೆ ಗೊತ್ತಾಗುತ್ತದೆ, ಗಿಲಕಿಯನ್ನು ನನ್ನ ಕೈಗೆ ಕೊಡುವಾಗ ಎಲ್ಲರೂ ಒಂದು ಗಳಿಗೆ ತಡೆಯುತ್ತಾರೆ. ಆದರೆ ಅವರು ತಡೆಯಬೇಕು. ಅದನ್ನೇ ನಾನು ಹೇಳುತ್ತಿರುವುದು.

ನಿನಗೂ ಫೋನ್ ಮಾಡಿದ್ದೆ, ಇವತ್ತು ಸಂಜೆ ನಾಲ್ಕು ಗಂಟೆಗೆ. ನೆನಪಿದೆಯಾ? ಒಂಬತ್ತು ನಿಮಿಷ ಮಾತಾಡಿದೆವು. ಟ್ರೈಪಾಡಿನ ಒಂದು ಕಾಲು ಸಡಿಲ ಇದೆ ಎಂದೆ ನಾನು. ನಮ್ಮ ಹತ್ತಿರ ಟ್ರೈಪಾಡೇ ಇಲ್ಲ. ನಾನೇ ಫೋನ್ ಮಾಡಿದರೆ ಹೀಗೆಯೇ ಆಗುತ್ತದೆ, ಲೆನ್ಸು, ಲೈಟು, ನಾಳೆ ತಿಂಡಿಗೆ ಬ್ರೆಡ್ಡು. ನೀನೇ ಮಾಡಬೇಕು.

ಡೂಪಮ್ಮನನ್ನು ಬಿಚ್ಚಿದೆ. ಐದೂವರೆ ಕೆಜಿ ಉಪ್ಪನ್ನು ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದ್ದೇನೆ, ಟವೆಲ್‌ಗಳು ನೀರಿನಲ್ಲಿ ನೆನೆಯುತ್ತಿವೆ. ಮೂರನೇ ಶಾಟಿಗೆ ಬೇರೆ ಏನಾದರೂ ಯೋಚಿಸು. ಸ್ಟಾಪ್‌ವಾಚನ್ನು ಈ ಪುಸ್ತಕದ ಜೊತೆಗೇ ರಟ್ಟಿಗೆ ಸುತ್ತಿ ಕಳಿಸುತ್ತಿದ್ದೇನೆ. ಅದು ಇಲ್ಲಿರಬಾರದು. ನಾಳೆ ಶೂಟಿಂಗ್ ಆಗುತ್ತದೋ ಇಲ್ಲವೋ, ನೀನು ಹೇಳಿದ ಹಾಗೆ. ಕ್ಯಾಮೆರಾ ಒಂದೇ ದಿನ ಎಂದು ಗೊತ್ತಿದೆ. ಒಂದು ವರ್ಷ ಕಾದು ಸಿಕ್ಕಿದ್ದು ಎಂದೂ ಗೊತ್ತಿದೆ. ಬೈಯುವುದಿದ್ದರೆ ನಾಡಿದ್ದು ಬೈ.

ಇವರು ಶೂ ಹಾಕಿಕೊಳ್ಳುತ್ತಿದ್ದಾರೆ. ಗಿಲಕಿ ತೊಟ್ಟಿಲಲ್ಲಿದ್ದಾಳೆ. ಮುಟ್ಟಿ ನೋಡಿದೆ, ಬೆಚ್ಚಗಿದ್ದಾಳೆ, ನನ್ನ ಬೆರಳು ಹಿಡಿದುಕೊಂಡಳು. ಏಳೂವರೆಯಿಂದ ಬೆಳಿಗ್ಗೆ ಏಳರ ತನಕ ಈ ಮನೆಯಲ್ಲಿ ನಾವಿಬ್ಬರೇ, ಮತ್ತು ನಾನು ಮೂರು ದಿನದಿಂದ ಮಲಗಿಲ್ಲ.

ಪುಸ್ತಕ ಕೈಗೆ ಸಿಕ್ಕ ಕೂಡಲೇ ಫೋನ್ ಮಾಡು. ಊಟಕ್ಕೆ ಕೂತಿದ್ದರೆ ಕೈ ತೊಳೆದು ಮಾಡು. ಓದುವುದು ತಡವಾಗಿದ್ದರೆ, ಎಷ್ಟೇ ಹೊತ್ತಾಗಿದ್ದರೂ ಪರವಾಗಿಲ್ಲ, ಮಲಗಿರುತ್ತಾಳೆ ಎಂದುಕೊಳ್ಳಬೇಡ, ನಾನು ಮಲಗಿರುವುದಿಲ್ಲ. ಹೇಗಿದ್ದೀಯ ಎಂದು ಕೇಳಬೇಡ, ಚೆನ್ನಾಗಿದ್ದೀನಿ ಎಂದುಬಿಡುತ್ತೇನೆ. ಹೊರಟಿದ್ದೀನಿ, ಬಾಗಿಲು ತೆಗಿ ಎಂದಷ್ಟೇ ಹೇಳು. ಫೋನನ್ನು ತೊಟ್ಟಿಲಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಸದ್ದು ಪೂರ್ತಿ ಏರಿಸಿ. ಮಗು ಎದ್ದರೆ ಏಳಲಿ. ಬೆಳಗಾಗುವುದರೊಳಗೆ ಮಾಡು ಕಣೇ.